ಬಿಸಿಲು ಬೀಳದ ಗೋಪುರ

“ಗಲ್ಲ ಒಂಚೂರು ಕೆಳಗೆ, ಅಣ್ಣ. ದೃಷ್ಟಿ ನನ್ನ ಬೆರಳ ಮೇಲಿರ್ಲಿ.”

“ಬೆರಳು ಎಲ್ಲಿದೆಯೋ? ಲೆನ್ಸ್ ಕಾಣ್ತಿದೆ, ಬೆರಳು ಕಾಣ್ತಿಲ್ಲ.”

ಛಾಯಾಗ್ರಾಹಕನಾದ ತಮ್ಮನು ಪಕ್ಕಕ್ಕೆ ಚಾಚಿದ್ದ ಕೈಯನ್ನು ಸದ್ದಿಲ್ಲದೆ ಕ್ಯಾಮೆರಾದ ನೇರಕ್ಕೆ ತಂದನು. ಅಣ್ಣನ ಕಣ್ಣುಗಳು ಅದನ್ನು ಹಿಡಿದುಕೊಂಡವು. ಅಂಚಿನಿಂದ ನಡುವಿನೆಡೆಗೆ ಕತ್ತಲೆ ಕವಿಯುತ್ತ ಬರುವ ಆ ರೋಗಕ್ಕೆ ಕಣ್ಣಿನ ವೈದ್ಯರು ಉದ್ದನೆಯ ಹೆಸರೊಂದನ್ನು ಹೇಳಿದ್ದರು. ಅಣ್ಣ ಅದನ್ನು ಕೊಳವೆ ಎಂದಷ್ಟೇ ಕರೆಯುತ್ತಿದ್ದನು. ಕೊಳವೆಯ ಬಾಯಿಂದ ಇಣುಕಿದಂತೆ ನಡುವಿನದು ಮಾತ್ರ ಕಾಣುತ್ತದೆ, ಕೊಳವೆ ದಿನೇದಿನೇ ಕಿರಿದಾಗುತ್ತಿದೆ. ಮುಂದಿನ ಚಳಿಗಾಲದ ಹೊತ್ತಿಗೆ ಅದರಲ್ಲಿ ಏನು ಉಳಿದೀತೆಂಬುದನ್ನು ವೈದ್ಯರೂ ಹೇಳಲೊಲ್ಲರು.

“ನಗಬಾರ್ದು, ಅಣ್ಣ. ವೀಸಾ ಫೋಟೋ ಇದು.”

“ನಾನೆಲ್ಲಿ ನಗ್ತಿದೀನಿ? ನನ್ನ ಮುಖ ಇರೋದೇ ಹೀಗೆ.”

“ಹೌದೌದು,” ಎಂದಳು ಬಾಗಿಲ ಬಳಿ ತನ್ನ ಸರದಿಗೆ ಕಾದು ಕುಳಿತಿದ್ದ ಅತ್ತಿಗೆ. “ಮದುವೆ ದಿನ ಮಾತ್ರ ಈ ಮುಖ ಎಲ್ಲಿ ಹೋಗಿತ್ತೋ. ಆವತ್ತು ಗಂಟು ಹಾಕ್ಕೊಂಡು ಕೂತಿದ್ರು.”

ವೀಸಾದ ಭಾವಚಿತ್ರಕ್ಕೆ ವಿಧಿಗಳು ಕಠಿಣ. ಮುಖದಲ್ಲಿ ನಗೆ ಸಲ್ಲದು, ಕನ್ನಡಕ ಸಲ್ಲದು, ನೆರಳು ಸಲ್ಲದು. ಹಿನ್ನೆಲೆ ಕಳಂಕವಿಲ್ಲದ ಬಿಳುಪಾಗಿರತಕ್ಕದ್ದು. ಅಣ್ಣನ ಬೆನ್ನ ಹಿಂದೆ, ಗೋಡೆಯ ಉದ್ದಕ್ಕೂ ಮೊಳೆ ಹೊಡೆದು ಬಿಗಿದ ದಪ್ಪ ಬಟ್ಟೆಯ ಮೇಲೆ, ಅಂಥ ಬಿಳುಪಿತ್ತು. ಆ ಬಿಳುಪಿನ ಅಡಿಯಲ್ಲಿ ಒಂದು ಗೋಪುರವಿತ್ತು.

ದೂರದೇಶದ ನದೀತೀರದಲ್ಲಿ ನಿಂತಿರುವ, ಕ್ಯಾಲೆಂಡರುಗಳ ಮೂಲಕ ಲೋಕಕ್ಕೆಲ್ಲ ಪರಿಚಿತವಾದ ಗಂಟೆಗೋಪುರ ಅದು. ಯೌವನದಲ್ಲಿ ಅಣ್ಣ ಅಂಥದೊಂದು ಕ್ಯಾಲೆಂಡರಿನ ಹಾಳೆಯನ್ನು ಎದುರಿಗಿಟ್ಟುಕೊಂಡು ಎಣ್ಣೆಬಣ್ಣದಲ್ಲಿ ಗೋಡೆಯಗಲ ಅದನ್ನು ಬರೆದಿದ್ದನು. ತಮ್ಮನು ಅದರ ಮುಂದೆ ದೀಪ ಹಚ್ಚಿ, ನಿಂತವರ ಚಿತ್ರ ತೆಗೆಯುತ್ತಿದ್ದನು. ಊರಿನ ವಧೂವರರು, ಪದವಿ ಪಡೆದವರು, ಮೊದಲ ಸಂಬಳದಲ್ಲಿ ಕೋಟು ಹೊಲಿಸಿಕೊಂಡವರು, ಎಲ್ಲರೂ ಆ ಗೋಪುರದ ಬುಡದಲ್ಲಿ ನಿಂತವರೇ. ಜನರ ಬಾಯಲ್ಲಿ ಇದು ಗೋಪುರದ ಸ್ಟುಡಿಯೊ ಎಂದೇ ಆಯಿತು. ಕಾಲ ಹೊರಳಿತು. ಸಂತೋಷದ ಚಿತ್ರಗಳನ್ನು ಜನ ತಮ್ಮ ತಮ್ಮ ಫೋನಿನಲ್ಲೇ ತೆಗೆದುಕೊಳ್ಳತೊಡಗಿದರು. ಸ್ಟುಡಿಯೊಗೆ ಬರುವವರು ಪಾಸ್‌ಪೋರ್ಟಿಗೆಂದೋ ವೀಸಾಕ್ಕೆಂದೋ ಬರುವವರಷ್ಟೇ ಆದರು. ಅವರಿಗೆ ಬೇಕಾದದ್ದು ಬಿಳಿ. ತಮ್ಮನು ಬಾಯಿಬಿಟ್ಟು ಕೇಳಲಾರದೆ ತಿಂಗಳುಗಟ್ಟಲೆ ಹಿಂದೆಮುಂದೆ ನೋಡುತ್ತಿದ್ದಾಗ, ಅಣ್ಣನೇ ಒಂದು ಭಾನುವಾರ ಬಣ್ಣದ ಡಬ್ಬಿಯೊಂದಿಗೆ ಬಂದು, “ಹೊಟ್ಟೆಪಾಡಿನ ಮುಂದೆ ನಾಚಿಕೆ ಏನೋ,” ಎಂದು ಗೋಪುರವನ್ನು ಬುಡದಿಂದ ಬಳಿಯುತ್ತ ಹೋದನು. ಗಡಿಯಾರದ ಮುಖವೊಂದು ಉಳಿದಾಗ ಸ್ವಲ್ಪ ಹೊತ್ತು ಏಣಿಯ ಮೇಲೆಯೇ ನಿಂತಿದ್ದನು. ಅದನ್ನೂ ಮುಚ್ಚಿ ಇಳಿದು ಕೈ ಒರೆಸಿಕೊಳ್ಳುತ್ತ ಹೇಳಿದನು: “ಒಂದ್ಸಲ ಹೋಗಿ ನಿಜವಾದ್ದನ್ನ ನೋಡ್ಬೇಕು ಕಣೋ. ನಾನು ಸರಿಯಾಗಿ ಬರೆದಿದ್ನೋ ಇಲ್ವೋ, ಗೊತ್ತಾಗ್ಬೇಕು.”

ಆಗ ಅದೊಂದು ಮಾತಾಗಿತ್ತು. ಕೊಳವೆ ಬಂದ ಮೇಲೆ ಅದು ಅವಸರವಾಯಿತು. ಗೋಪುರ ನೋಡಬೇಕು, ಕಣ್ಣಿರುವಾಗಲೇ ನೋಡಬೇಕು; ಅಣ್ಣನಿಗೆ ಬೇರೆ ಯಾವ ಬಯಕೆಯೂ ಉಳಿದಿರಲಿಲ್ಲ.

ಪ್ರವಾಸದ ಏಜೆಂಟನ ಅಂಗಡಿಯಲ್ಲಿ ಮೇಜಿನ ಮೇಲೆ ಪ್ಲಾಸ್ಟಿಕ್ ವಿಮಾನವೊಂದು ಸದಾ ಮೇಲೇರುತ್ತಿತ್ತು. ಆತ ಬಣ್ಣದ ಪುಸ್ತಿಕೆಯೊಂದನ್ನು ಅವರ ಮುಂದೆ ಬಿಚ್ಚಿದನು.

“ನಮ್ಮ ಪ್ಯಾಕೇಜಲ್ಲಿ ಎಲ್ಲಾ ಇದೆ ಸಾರ್. ರಾಜರ ಅರಮನೆ, ದೊಡ್ಡ ಮ್ಯೂಸಿಯಂ, ಜಲಪಾತ, ಹಿಮದ ಮೇಲೆ ತೂಗೋ ಕೇಬಲ್ ಕಾರು. ಗೋಪುರ ಬಸ್ಸಿಂದಾನೇ ಕಾಣ್ಸುತ್ತೆ.”

“ಬಸ್ಸಿಂದಾನೇ?” ಅಣ್ಣನ ಸ್ವರ ಇಳಿಯಿತು.

“ಬಸ್ಸಲ್ಲಿ ಕೂತ್ರೆ ಇವರಿಗೆ ಮುಂದಿನ ಸೀಟಿನ ಬೋಳುತಲೆ ಕಾಣ್ಸುತ್ತೆ, ಅಷ್ಟೇ,” ಎಂದಳು ಅತ್ತಿಗೆ. “ಇಳಿಸ್ಬೇಕಪ್ಪ. ಇಳಿಸಿ ಒಂದಿಡೀ ದಿನ ಅಲ್ಲೇ ಬಿಡ್ಬೇಕು.”

“ಗೋಪುರದ ಮುಂದೆ ಇಡೀ ದಿನ ಏನ್ಮಾಡ್ತೀರಮ್ಮ?”

“ಇವರು ಅದನ್ನ ನೋಡ್ತಾರೆ. ನಾನು ಇವರನ್ನ ನೋಡ್ಕೋತೀನಿ. ಮಾರನೇ ದಿನ ನಂಗೆ ಜಲಪಾತ ತೋರ್ಸಿಬಿಡಿ, ಲೆಕ್ಕ ಚುಕ್ತಾ.”

ಏಜೆಂಟ್ ನಕ್ಕು, ಕಾರ್ಯಕ್ರಮದಲ್ಲಿ ಮ್ಯೂಸಿಯಮ್ಮನ್ನು ಹೊಡೆದುಹಾಕಿದನು. ಬಳಿಕ ಕಾಗದಪತ್ರಗಳ ಮಾತು ಬಂದಿತು. ಮದುವೆ ನೋಂದಣಿಯಾದ ಪತ್ರವುಂಟೇ ಎಂದು ಕೇಳಿದನು.

“ಆ ಕಾಲದಲ್ಲಿ ಯಾರು ಮಾಡಿಸ್ತಿದ್ರು?” ಎಂದನು ಛಾಯಾಗ್ರಾಹಕ.

“ಹಾಗಾದ್ರೆ ಹಳೇ ಫೋಟೋ ಒಂದು ಕೊಡಿ ಸಾರ್. ಗಂಡಹೆಂಡತಿ ಇಬ್ರೂ ಜೊತೆಗಿರೋದು. ಮದುವೆ ಆದ ಹೊಸದ್ರಲ್ಲಿ ತೆಗೆದದ್ದಾದ್ರೆ ಇನ್ನೂ ಒಳ್ಳೇದು.”

“ಫೋಟೋಗಾರನ ಮನೇಲಿ ಫೋಟೋಗೆ ಬರವೇ!”

ಅವನು ಹುಡುಕಿ ತಂದದ್ದು ತಾನು ತೆಗೆದವುಗಳಲ್ಲೆಲ್ಲ ತನಗೆ ಅತ್ಯಂತ ಪ್ರಿಯವಾದದ್ದನ್ನು. ನವದಂಪತಿಗಳಾದ ಅಣ್ಣ ಅತ್ತಿಗೆ ನದಿಯ ಮೆಟ್ಟಿಲ ಬಳಿ ನಿಂತಿದ್ದಾರೆ. ಹಿಂದೆ ಗೋಪುರ ಇಳಿಬಿಸಿಲಿನಲ್ಲಿ ಹೊನ್ನಾಗಿದೆ. ಗೋಪುರದ ನೆರಳು ಯಾವ ಕಡೆಗೆ ಬಿದ್ದಿದೆಯೋ ಅತ್ತಿಗೆಯ ಮೂಗಿನ ನೆರಳೂ ಆ ಕಡೆಗೇ ಬಿದ್ದಿದೆ. ಬರೆದ ಬಿಸಿಲು ಎಲ್ಲಿ ಮುಗಿದು ದೀಪದ ಬೆಳಕು ಎಲ್ಲಿ ತೊಡಗಿತೆಂದು ಬಲ್ಲವರೂ ಹೇಳಲಾರರು. ಏಜೆಂಟ್ ಅದರ ಹಿಂಬದಿಯಲ್ಲಿ ಗುರುತು ಹಾಕಿ, ಮುಂಬದಿಯನ್ನು ನೋಡದೆಯೇ ಕಡತಕ್ಕೆ ಸೇರಿಸಿದನು.

ವೀಸಾ ಕಚೇರಿಯ ಗಾಜಿನ ಆಚೆ ಕುಳಿತಿದ್ದ ಅಧಿಕಾರಿಣಿ ಆ ದೇಶದವಳೇ. ಇಲ್ಲಿಯ ಮಾತನ್ನು ಪುಸ್ತಕದಿಂದ ಕಲಿತವಳು. ಆಕೆಯ ಬಾಯಿಂದ ಬಂದ ಪ್ರತಿಯೊಂದು ಶಬ್ದವೂ ಇಸ್ತ್ರಿ ಮಾಡಿದಂತಿತ್ತು.

“ತಾವು ಈ ಮೊದಲು ನಮ್ಮ ದೇಶಕ್ಕೆ ಆಗಮಿಸಿರುವಿರೋ?”

“ಇಲ್ಲಮ್ಮ. ಅದಕ್ಕೇ ಈಗ ಹೋಗ್ಬೇಕು ಅಂತಿರೋದು.”

“ತಮ್ಮ ಪತ್ನಿ?”

“ಅವಳು ನನ್ನ ಬಿಟ್ಟು ಎಲ್ಲಿಗೆ ಹೋಗ್ತಾಳೆ?”

ಆಕೆ ಚಿತ್ರವನ್ನೆತ್ತಿ ಗಾಜಿಗೆ ಒತ್ತಿಹಿಡಿದಳು. “ಹಾಗಿದ್ದರೆ ಇದು?”

ಅಣ್ಣ ಬಗ್ಗಿ, ಮುಖವನ್ನು ಮೆಲ್ಲನೆ ಅತ್ತಿತ್ತ ಸರಿಸಿ, ಕೊಳವೆಯೊಳಗೆ ಚಿತ್ರವನ್ನು ತುಂಬಿಕೊಂಡನು. ಅವನ ಮುಖ ಅರಳಿತು. “ಇದಾ! ಇದು ನಮ್ಮದೇ ಕಣಮ್ಮ. ನಾನೇ ಮಾಡಿದ್ದು.”

“ಏನನ್ನು? ಗೋಪುರವನ್ನೇ?”

“ಹೂಂ. ಗೋಪುರ, ಹೊಳೆ, ಸೇತುವೆ, ಎಲ್ಲಾ ನಂದೇ.”

ಅಧಿಕಾರಿಣಿಯ ತುಟಿ ಬಿಗಿಯಿತು. ತನ್ನನ್ನು ಲೇವಡಿ ಮಾಡುತ್ತಿದ್ದಾರೆಂದೇ ಆಕೆ ಬಗೆದಂತಿತ್ತು. ಛಾಯಾಗ್ರಾಹಕನು ಮುಂದೆ ಬಂದು, ಇದು ಪರದೆ, ಬರೆದ ಪರದೆ ಎಂದು ವಿವರಿಸುವಷ್ಟರಲ್ಲಿ ಮುದ್ರೆ ಬಿದ್ದಾಗಿತ್ತು: ಹಿಂದಿನ ಪ್ರವಾಸವನ್ನು ಮರೆಮಾಚಿದ ಕಾರಣ ಅರ್ಜಿ ತಿರಸ್ಕೃತ.

ಹೊರಗಿನ ಮೆಟ್ಟಿಲ ಮೇಲೆ ಛಾಯಾಗ್ರಾಹಕನು ತಲೆಯ ಮೇಲೆ ಕೈಹೊತ್ತು ಕುಳಿತನು. ಅಣ್ಣ ಮಾತ್ರ ನಿಂತೇ ಇದ್ದನು. ಅವನ ಕೆನ್ನೆಗೆ ಎಷ್ಟೋ ದಿನಗಳಿಂದ ಕಾಣದಿದ್ದ ರಂಗು ಬಂದಿತ್ತು.

“ನಿಜವಾದ್ದು ಅಂದ್ಕೊಂಡ್ಳು ಕಣೋ! ಆ ಊರಿನವಳೇ! ಹುಟ್ಟಿದಾಗಿಂದ ನೋಡಿದವಳು!”

“ವೀಸಾ ಹೋಯ್ತು, ಇವರಿಗೆ ಬಿರುದು ಬಂತು,” ಎಂದಳು ಅತ್ತಿಗೆ. ಆದರೆ ಅವಳ ಧ್ವನಿಯಲ್ಲಿಯೂ ಹೆಮ್ಮೆಯಿತ್ತು.

ಏಜೆಂಟ್ ತಲೆ ಚಚ್ಚಿಕೊಂಡನು. ಮರುವಿಚಾರಣೆಗೆ ಒಂದೇ ಅವಕಾಶವುಂಟೆಂದೂ, ಅಲ್ಲಿಯೂ ಸುಳ್ಳುಗಾರರೆನಿಸಿಕೊಂಡರೆ ಬಾಗಿಲು ವರ್ಷಗಟ್ಟಲೆ ಮುಚ್ಚುವುದೆಂದೂ ಹೇಳಿದನು. “ಆ ಪರದೆ ಎಲ್ಲಿದೆ ಸಾರ್? ಒಂದು ವೀಡಿಯೊ ಮಾಡಿ ಕೊಟ್ಬಿಡಿ, ಮುಗೀತು.”

“ಅದರ ಮೇಲೆ ಬಿಳಿ ಬಳಿದಾಯ್ತಲ್ಲಪ್ಪ,” ಎಂದನು ಅಣ್ಣ. “ಎಣ್ಣೆಬಣ್ಣದ ಮೇಲೆ ಎಣ್ಣೆಬಣ್ಣ. ಕೆರೆದ್ರೆ ಎರಡೂ ಬರುತ್ತೆ.”

ಆಮೇಲೆ ಛಾಯಾಗ್ರಾಹಕನು ಊರಿನ ಮನೆ ಮನೆಗೂ ಹೋಗಿ, ಗೋಪುರದ ಮುಂದೆ ನಿಂತವರ ಚಿತ್ರಗಳನ್ನು ಬೇಡಿ ತಂದನು. ಬಟ್ಟೆ ಅಂಗಡಿಯವರ ಕುಟುಂಬ, ಅಂಚೆಯವನು, ಅವಳಿಮಕ್ಕಳು, ಹಲ್ಲಿನ ವೈದ್ಯ. ಎಲ್ಲರ ಹಿಂದೆಯೂ ಗಡಿಯಾರ ಒಂದೇ ಸಮಯ ತೋರಿಸುತ್ತಿತ್ತು, ಒಂದೇ ಪಾರಿವಾಳ ಒಂದೇ ಎಡೆಯಲ್ಲಿ ರೆಕ್ಕೆ ಬಿಚ್ಚಿತ್ತು. “ಇದನ್ನ ನೋಡಿದ್ರೆ ಇಡೀ ಊರೇ ಕದ್ದು ಹೋಗಿಬಂದಿದೆ ಅಂತಾರೆ ಸಾರ್,” ಎಂದನು ಏಜೆಂಟ್. ಆ ನಗೆಚಾಟಿಕೆಗೆ ಯಾರೂ ನಗಲಿಲ್ಲ.

ವಿಚಾರಣೆಯ ಮುನ್ನಾದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಛಾಯಾಗ್ರಾಹಕನು ಹಳೆಯ ಚಿತ್ರವನ್ನೂ ಏಜೆಂಟ್ ಕೊಟ್ಟ ಪುಸ್ತಿಕೆಯನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ನೋಡುತ್ತಿದ್ದನು. ಬೆಳಕನ್ನು ಓದುವುದೇ ಅವನ ಕಸುಬು. ಪುಸ್ತಿಕೆಯಲ್ಲಿ ಗೋಪುರದ ಚಿತ್ರಗಳು ಹಲವಿದ್ದವು: ಬೆಳಗಿನದು, ನಡುಹಗಲಿನದು, ಸಂಜೆಯದು. ಎಲ್ಲದರಲ್ಲಿಯೂ ಹಿಂದಿನ ಆಕಾಶ ಹೊಳೆಯುತ್ತಿತ್ತು; ಗಡಿಯಾರವಿದ್ದ ಮುಖ ಮಾತ್ರ ನೀಲಿಗಪ್ಪಾಗಿ ನೆರಳಿನಲ್ಲಿತ್ತು. ಅವನಿಗೆ ಹೊಳೆಯಿತು. ಆ ಮುಖ ಉತ್ತರಕ್ಕಿದೆ. ಆ ಚಳಿನಾಡಿನ ಸೂರ್ಯ ದಕ್ಷಿಣದ ಅಂಚನ್ನು ಹಿಡಿದು ಸಾಗುವವನು. ಆ ಮುಖಕ್ಕೆ ಅವನ ಬಿಸಿಲು ಎಂದೂ ದಕ್ಕಿರಲಿಕ್ಕಿಲ್ಲ.

ಕ್ಯಾಲೆಂಡರಿನ ಹಾಳೆಯಲ್ಲಿಯೂ ಗೋಪುರ ಮಂಕಾಗಿಯೇ ಇದ್ದಿತು. ಅದು ಅಗ್ಗದ ಅಚ್ಚಿನ ದೋಷವೆಂದು ಇಬ್ಬರೂ ಅಂದು ತೀರ್ಮಾನಿಸಿದ್ದರು. ಸ್ಟುಡಿಯೊದ ದೊಡ್ಡ ಲೈಟು ಬಲಗಡೆಗಿತ್ತು, ಅದನ್ನು ಸರಿಸಲು ಜಾಗವಿರಲಿಲ್ಲ. ಆದುದರಿಂದ ಅಣ್ಣ ಗೋಪುರಕ್ಕೂ ಬಲದಿಂದಲೇ ಬಿಸಿಲು ತಂದಿದ್ದನು. ಎಡಕ್ಕಿರಬೇಕಾದ ಮೆಟ್ಟಿಲುಗಳು ಬಲಕ್ಕೆ ಬಂದದ್ದೂ ಹಾಗೆಯೇ, ನಿಂತವರ ಕಾಲಿಗೆ ಬೆಳಕು ಸಿಗಲೆಂದು.

ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿರಲಿಲ್ಲ. ಆ ಊರಿಗೆ ಹೋದ ಯಾರೂ, ಎಂದೂ, ಇಂಥ ಚಿತ್ರ ತೆಗೆಯಲಾರರು. ಆದರೆ ಅವನು ಸಂತೋಷಪಡದೆ, ಸ್ಟುಡಿಯೊದ ಹಿಂಬದಿಯ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಎರಡನ್ನೂ ಅತ್ತಿಗೆಯ ಮುಂದಿಟ್ಟನು.

ಅವಳು ಬಹಳ ಹೊತ್ತು ನೋಡಿದಳು. “ಇದನ್ನ ಹೇಳಿದ್ರೆ ವೀಸಾ ಸಿಗುತ್ತಾ?”

“ಸಿಗಬಹುದು ಅತ್ತಿಗೆ.”

“ಹೇಳದಿದ್ರೆ?”

“ಅನುಮಾನ.”

ಒಳಗಿನ ಕೋಣೆಯಿಂದ ಅಣ್ಣ ಏನನ್ನೋ ಗುನುಗುತ್ತಿರುವುದು ಕೇಳಿಸುತ್ತಿತ್ತು. ತಿರಸ್ಕಾರದ ಮುದ್ರೆ ಬಿದ್ದಂದಿನಿಂದಲೂ ಅವನು ಗುನುಗುತ್ತಿದ್ದನು.

“ಕೇಳ್ತಿದೀಯಲ್ಲ,” ಎಂದಳು ಅತ್ತಿಗೆ. “ಕಣ್ಣು ಕೆಟ್ಟ ಮೇಲೆ ಈ ದನಿ ನಾನು ಕೇಳೇ ಇರ್ಲಿಲ್ಲ.”

“ಅಲ್ಲಿಗೆ ಹೋದ್ಮೇಲೆ ಹೇಗೂ ಗೊತ್ತಾಗುತ್ತಲ್ಲ ಅತ್ತಿಗೆ.”

“ಅಲ್ಲಿ ಗೋಪುರದ ಮುಂದೆ ನಿಂತು ತಾವೇ ತಿಳ್ಕೊಳ್ಳೋದು ಬೇರೆ. ಗಾಜಿನ ಮುಂದೆ ನಾಲ್ಕು ಜನರ ಎದುರು ನೀನು ತಿಳಿಸೋದು ಬೇರೆ. ಮೊದಲು ಊರಿನವರ ಫೋಟೋ ತೋರ್ಸು. ಅದಕ್ಕೂ ಆಗ್ಲಿಲ್ಲ ಅಂದ್ರೆ... ನನ್ನ ಕೇಳ್ಬೇಡ ಮಾರಾಯ. ನಂಗೆ ಇಬ್ರೂ ಬೇಕು, ಕಣ್ಣಿರೋ ಗಂಡನೂ ಬೇಕು, ಗುನುಗೋ ಗಂಡನೂ ಬೇಕು.”

ಮರುದಿನ ಅಧಿಕಾರಿಣಿ ಊರಿನವರ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ನೋಡಿ, ಮತ್ತೆ ಒಂದುಗೂಡಿಸಿ ಇಟ್ಟಳು.

“ಕ್ಷಮಿಸಬೇಕು. ಒಂದೇ ಚಿತ್ರದಲ್ಲಿ ಬೇರೆ ಬೇರೆ ಮುಖಗಳನ್ನು ಕೂಡಿಸುವುದು ಈಗ ಕ್ಷಣಮಾತ್ರದ ಕೆಲಸ. ಇವು ಏನನ್ನೂ ಸಾಧಿಸುವುದಿಲ್ಲ. ಬೇರೆ ಯಾವ ಆಧಾರವಾದರೂ ಉಂಟೇ?”

ಛಾಯಾಗ್ರಾಹಕನ ಕೈ ಹೆಗಲ ಚೀಲದೊಳಕ್ಕೆ ಹೋಯಿತು. ಪುಸ್ತಿಕೆಯ ನುಣುಪು ಬೆರಳಿಗೆ ತಗುಲಿತು. ಅವನು ಅಣ್ಣನ ಕಡೆ ನೋಡಿದನು. ಅಣ್ಣ ನೆಟ್ಟಗೆ, ಸನ್ಮಾನಕ್ಕೆ ಬಂದವನ ಹಾಗೆ ನಿಂತಿದ್ದನು. ಕೈ ಬರಿದಾಗಿಯೇ ಹೊರಬಂದಿತು.

“ಇಲ್ಲಮ್ಮ,” ಎಂದನು ಛಾಯಾಗ್ರಾಹಕ.

ಆಕೆ ಮುದ್ರೆಯ ಕಡೆಗೆ ಕೈಚಾಚಿದಳು.

“ಇರೀಮ್ಮ,” ಎಂದನು ಅಣ್ಣ. ಆಮೇಲೆ ತಮ್ಮನ ಕಡೆ ತಿರುಗಿ, “ಏನೋ ಅದು ಚೀಲದಲ್ಲಿ?”

“ಏನಿಲ್ಲ ಅಣ್ಣ.”

“ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಬೆಳಿಗ್ಗೆಯಿಂದ ಅದನ್ನ ಸರಸರ ಅನ್ನಿಸ್ತಿದೀಯ. ತೆಗಿ.”

ಪುಸ್ತಿಕೆ ಅಣ್ಣನ ಕೈಗೆ ಹೋಯಿತು. ಅವನು ಅದನ್ನು ಮೂಗಿನ ಹತ್ತಿರ ಹಿಡಿದು, ಗೋಪುರದ ಪುಟವನ್ನು ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟಾಗಿ ನೋಡಿದನು. ಪುಟ ತಿರುಗಿಸಿ ಮತ್ತೆ ನೋಡಿದನು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅತ್ತಿಗೆ ಅವನ ತೋಳಿಗೆ ಕೈಹಾಕಿದಳು. ಅವನು ಆ ಕೈಯನ್ನು ನವಿರಾಗಿ ಸರಿಸಿ, ಗಾಜಿನ ಬಳಿಯಿದ್ದ ಹಳೆಯ ಚಿತ್ರವನ್ನು ಕೇಳಿ ತೆಗೆದುಕೊಂಡನು. ಎರಡನ್ನೂ ಗಾಜಿಗೆ ಆನಿಸಿ ಹಿಡಿದು ಮಾತನಾಡಿದಾಗ ಅವನ ಸ್ವರ ಮಗ್ಗಿ ಒಪ್ಪಿಸುವವನದಂತೆ ಸಮವಾಗಿತ್ತು.

“ನೋಡೀಮ್ಮ. ನಾವು ನಿಮ್ಮೂರಿಗೆ ಬಂದಿಲ್ಲ. ಬಂದಿದ್ರೆ ನಾನು ಹೀಗೆ ಬರೀತಿರ್ಲಿಲ್ಲ. ನಿಮ್ಮ ಮೆಟ್ಟಿಲು ಎಡಕ್ಕಿದೆ, ನಂದು ಬಲಕ್ಕಿದೆ. ನಿಮ್ಮ ಸೇತುವೆ ನಡುವೆ ದೀಪದ ಕಂಬ ಇದೆ. ಕ್ಯಾಲೆಂಡರಲ್ಲೂ ಇತ್ತು, ನಾನೇ ತೆಗೆದುಹಾಕ್ದೆ. ಇದ್ದಿದ್ರೆ ಮದುಮಗಳ ತಲೆಯಿಂದ ಕಂಬ ಮೊಳೆತ ಹಾಗೆ ಕಾಣ್ತಿತ್ತು. ಮತ್ತೆ...” ಅವನ ಹೆಬ್ಬೆರಳು ಗಡಿಯಾರದ ಮುಖದ ಮೇಲಕ್ಕೆ ಸರಿಯಿತು. “ಮತ್ತೆ ಈ ಬಿಸಿಲು. ನಿಮ್ಮ ಗೋಪುರದ ಮುಖಕ್ಕೆ ಬಿಸಿಲೇ ಬೀಳಲ್ಲ. ಅಲ್ವಾ?”

ಅಧಿಕಾರಿಣಿ ಚಿತ್ರವನ್ನು ಹಿಂದಕ್ಕೆ ಪಡೆದಳು. ಕಿಟಕಿಯ ಬೆಳಕಿಗೆ ಹಿಡಿದು, ದೂರ ಮಾಡಿ, ಸಮೀಪ ಮಾಡಿ ನೋಡಿದಳು.

“ನಾನು ಅದರ ಹಿಂದಿನ ಬೀದಿಯಲ್ಲಿಯೇ ಬೆಳೆದವಳು,” ಎಂದು ಆಕೆ ನಿಧಾನವಾಗಿ ಹೇಳಿದಳು. “ಆ ಮುಖದ ಮೇಲೆ ಬಿಸಿಲು ಬಿದ್ದುದನ್ನು ನಾನು ಕಂಡಿಲ್ಲ. ಅಲ್ಲಿ ಸದಾ ಶೀತ. ಬಾಲ್ಯದಲ್ಲಿ ನಾವು ಅಲ್ಲಿ ನಿಲ್ಲದೆ ಓಡಿ ದಾಟುತ್ತಿದ್ದೆವು. ಆದರೂ ಇದನ್ನು ನೋಡಿದಾಗ ನನಗೆ ಲೋಪವೇನೂ ತೋರಲಿಲ್ಲ. ಏಕೆಂದು ತಿಳಿಯದು.”

ಮುದ್ರೆ ಬಿದ್ದಿತು. ಈ ಸಲದ ಮುದ್ರೆಯ ಬಣ್ಣ ಬೇರೆಯಾಗಿತ್ತು.

ಹೊರಗಿನ ಮೆಟ್ಟಿಲ ಮೇಲೆ ಈಗ ಅಣ್ಣ ಕುಳಿತನು. ಛಾಯಾಗ್ರಾಹಕನು ಅವನ ಪಕ್ಕದಲ್ಲಿ ಕುಳಿತು, “ಅವಳು ಹೇಳಿದ್ದು ಕೇಳಿಸ್ತಾ ಅಣ್ಣ? ಲೋಪ ತೋರ್ಲಿಲ್ಲ ಅಂದಳು,” ಎಂದನು.

“ಕೇಳಿಸ್ತು. ತಪ್ಪನ್ನ ಚೆನ್ನಾಗಿ ಬರೆದಿದ್ದೆ ಅಂದಳು.”

ಅಂದಿನಿಂದ ಗುನುಗು ನಿಂತಿತು. ವೀಸಾ ಅಂಟಿಸಿದ ಪಾಸ್‌ಪೋರ್ಟುಗಳು ಮನೆಗೆ ಬಂದವು. ಅಣ್ಣ ಅವನ್ನು ತೆರೆದು ನೋಡಲಿಲ್ಲ. ಅತ್ತಿಗೆ ಪೆಟ್ಟಿಗೆಯನ್ನು ಮಂಚದ ಮೇಲೆ ಬಿಚ್ಚಿಟ್ಟು, ಬಟ್ಟೆ ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಇದ್ದಳು. ಸಂಜೆಯೊಳಗೆ ಟಿಕೆಟ್ ಖಚಿತಪಡಿಸದಿದ್ದರೆ ಸೀಟು ಕೈಬಿಡುವುದೆಂದು ಏಜೆಂಟ್ ಎರಡೆರಡು ಸಲ ಫೋನು ಮಾಡಿದನು.

ಛಾಯಾಗ್ರಾಹಕನು ಕೇಳಲೆಂದು ಸ್ಟುಡಿಯೊಗೆ ಬಂದಾಗ ಅಣ್ಣ ಬಿಳಿ ಪರದೆಯ ಮುಂದೆ ನಿಂತಿದ್ದನು. ಮುಖವನ್ನು ಬಟ್ಟೆಗೆ ಸಮೀಪಿಸಿ, ಬಲಗೈಯ ಬೆರಳುಗಳನ್ನು ಅದರ ಮೇಲೆ ಮೆಲ್ಲನೆ ಆಡಿಸುತ್ತಿದ್ದನು. ಎಣ್ಣೆಬಣ್ಣ ದಪ್ಪಗಟ್ಟಿದೆಡೆಯಲ್ಲೆಲ್ಲ ಬಿಳುಪಿನ ಅಡಿಯಿಂದ ಏಣುಗಳು ಏಳುತ್ತವೆ. ನೋಡಿದರೆ ಕಾಣವು, ಮುಟ್ಟಿದರೆ ತಿಳಿಯುತ್ತವೆ.

“ಇಲ್ಲಿ ಮೆಟ್ಟಿಲು,” ಎಂದನು ಅಣ್ಣ, ತಿರುಗದೆ. ಬೆರಳು ನುಣುಪಾದ ಬಟ್ಟೆಯ ಮೇಲೆ ಜಾರುತ್ತ ಎಡಕ್ಕೆ ಹೋಗಿ, ಏನೂ ಇಲ್ಲದಲ್ಲಿ ನಿಂತಿತು. “ಇಲ್ಲಿರ್ಬೇಕಿತ್ತು.”

“ಬಿಸಿಲನ್ನ ನೀನು ಹಾಕಿದ್ದು ನನ್ನ ಲೈಟಿಗೋಸ್ಕರ ಅಣ್ಣ.”

“ಗೊತ್ತು. ನಿನ್ನ ಬಯ್ತಿಲ್ಲ. ಊರಿನ ಮದುಮಕ್ಕಳನ್ನೆಲ್ಲ ಇಲ್ಲದ ಬಿಸಿಲಲ್ಲಿ ನಿಲ್ಲಿಸಿಬಿಟ್ವಲ್ಲೋ ನಾವು.”

“ಯಾರೂ ದೂರಿಲ್ಲ.”

“ದೂರೋಕೆ ಅವರೇನು ಅಲ್ಲಿಗೆ ಹೋಗಿದ್ರಾ?” ಅಣ್ಣ ಕೈ ಇಳಿಸಿದನು. “ಈ ಕೊಳವೇಲಿ ಇನ್ನು ಒಂದೇ ಗೋಪುರಕ್ಕೆ ಜಾಗ ಇದೆ ಕಣೋ. ಅದನ್ನ ನೋಡಿದ್ಮೇಲೆ ಇದು ಉಳಿಯಲ್ಲ. ಮುಂದೆ ಕತ್ತಲಾದ್ಮೇಲೆ ಕಣ್ಣು ಮುಚ್ಚಿದ್ರೂ ತೆರೆದ್ರೂ ಅದೇ ಕಾಣುತ್ತೆ.”

ಬಾಗಿಲಲ್ಲಿ ಅತ್ತಿಗೆ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಎರಡು ಸ್ವೆಟರುಗಳಿದ್ದವು.

“ಏನೂಂದ್ರೆ, ಇವನ್ನ ಪೆಟ್ಟಿಗೆಗೆ ಹಾಕ್ಲೋ, ಬೀರುಗೆ ಹಾಕ್ಲೋ? ಎರಡರಲ್ಲಿ ಒಂದು ಹೇಳ್ಬಿಡಿ. ಜಲಪಾತ ನೋಡದಿದ್ರೆ ನಾನೇನು ಸಾಯಲ್ಲ.”

ಅಣ್ಣ ಪರದೆಯಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದು, “ಆ ಲೈಟು ಆರಿಸೋ,” ಎಂದನು.

ಛಾಯಾಗ್ರಾಹಕನು ಬಲಗಡೆಯ ದೊಡ್ಡ ಲೈಟನ್ನು ಆರಿಸಿದನು. ಪರದೆಯ ಬಿಳುಪು ಕುಂದಿ ನೀಲಿಗೆ ತಿರುಗಿತು.

“ಹೀಗೇ ಇರುತ್ತಲ್ವಾ ಅದು?”

“ಹೀಗೇ ಇರುತ್ತೆ ಅಣ್ಣ.”

ಅಣ್ಣ ಆ ನೆರಳಿನೊಳಗೆ ನಿಂತು, ಎದುರಿಗೆ ಏನೋ ಇದ್ದಂತೆ, ತಲೆಯನ್ನು ನಿಧಾನವಾಗಿ ಮೇಲಕ್ಕೆತ್ತುತ್ತ ಹೋದನು.

“ತಪ್ಪು ಬರೆದವನು ಹೋಗಿ ಮುಖ ತೋರಿಸಿ ಬರ್ಬೇಕಲ್ಲ,” ಎಂದನು. “ಫೋನ್ ಮಾಡು ಆ ಏಜೆಂಟಿಗೆ.” ಆಮೇಲೆ ಬಾಗಿಲ ಕಡೆ ತಿರುಗದೆಯೇ, “ಇನ್ನೊಂದು ಸ್ವೆಟರ್ ಹಾಕ್ಕೋ ಕಣೆ. ಅಲ್ಲಿ ನಿಲ್ಲೋಕಾಗದಷ್ಟು ಚಳಿಯಂತೆ,” ಎಂದನು.